ಹೋಳಿಗೆಗಾಗಿ ಕರಗಿದ ಮರಳು

ನನ್ನ ಗೆಳತಿ ಎಸ್ತರಳ ಮರಳನ್ನು ಕರಗಿಸಿದವಳು ನಾನು. ಕರಗಿಸಿ, ಆ ತಪ್ಪನ್ನು ಅವಳ ತಲೆಗೇ ಕಟ್ಟಿದೆ — ಅವಳು ಅದನ್ನು ಪೂರ್ತಿ ನಂಬುವ ಹಾಗೆ, ನಂಬಿ ನನಗೇ ಥ್ಯಾಂಕ್ಸ್ ಹೇಳುವ ಹಾಗೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಇಲ್ಲದಿದ್ದರೆ ವಯಸ್ಸು, ವೀಸಾದ ಭಯ, ಆ ಕಾಲದ ಕಷ್ಟ ಎಂದೆಲ್ಲ ಸುತ್ತಿ ಬಳಸಿ ಹೇಳುತ್ತಾ ಹೋಗಿ, ಕೊನೆಗೆ ನೀವೇ 'ಪಾಪ, ಅವಳಾದರೂ ಏನು ಮಾಡಿಯಾಳು' ಅನ್ನುವ ಹಾಗೆ ಮಾಡಿಬಿಡುತ್ತೇನೆ. ನನಗೆ ಆ ಕಲೆ ಚೆನ್ನಾಗಿ ಬರುತ್ತದೆ. ಬರುತ್ತಿದ್ದುದರಿಂದಲೇ ಇದೆಲ್ಲ ನಡೆಯಿತು.

ಮರಳು ಎಲ್ಲಾದರೂ ಕರಗುತ್ತದೆಯೇ ಎಂದು ನಗಬೇಡಿ. ಉತ್ತರ ಧ್ರುವದ ಕಡೆಯ ಕಡಲತೀರದ ಮರಳು ಕರಗುತ್ತದೆ. ಅಲ್ಲಿ ಕಾಳಿಗೂ ಕಾಳಿಗೂ ನಡುವೆ ಮಂಜು ಕೂತಿರುತ್ತದೆ. ಚಳಿಗಾಲದಲ್ಲಿ ಸಮುದ್ರವೇ ಹೆಪ್ಪುಗಟ್ಟಿ, ಗಾಳಿ ನೂಕಿದ ಮಂಜುಗಡ್ಡೆಗಳು ದಂಡೆಯನ್ನು ಉತ್ತುಕೊಂಡು ಮೇಲೇರಿ ಬಂದು ಅಲ್ಲೇ ಮರಳಿನಡಿ ಹೂತುಹೋಗುತ್ತವೆ. ಬೇಸಗೆಯಲ್ಲಿ ಅವು ಒಳಗೇ ಕರಗಿದಾಗ ಮೇಲಿನ ಮರಳು ಕುಸಿದು, ದಂಡೆಯ ತುಂಬ ಅಳಗುಳಿಮಣೆಯ ಹಾಗೆ ಗುಂಡಿಗಳು ಬೀಳುತ್ತವೆ. ನಾನು ಇದನ್ನು ಕಣ್ಣಾರೆ ಕಂಡವಳಲ್ಲ. ಕಂಡು ಬಂದವಳು ಎಸ್ತರ್. ಅಲಾಸ್ಕಾದ ಉತ್ತರದ ಅಂಚಿನಲ್ಲಿ ಒಂದು ಬೇಸಗೆ ಕಳೆದು ಬಂದು, ಆಸ್ಟಿನ್‌ನ ನಮ್ಮ ಪುಟ್ಟ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಹೇಳಿದ್ದಳು:

"ಅಲ್ಲಿ ಯಾರೂ ಬರಿಗಾಲಿಲೆ ಅಡ್ಡಾಡಂಗಿಲ್ಲ, ಯಾರೂ ಚುರುಮುರಿ ಮಾರಂಗಿಲ್ಲ. ಕರಡಿ ಒಂದ ಬರ್ತೈತಿ ನೋಡು ವಾಕಿಂಗಿಗೆ. ಆದರೂ ಅದು ಬೀಚೇ, ಪದ್ದಿ. ಅಂಥಾ ಚೆಂದನ ಬೀಚ್ ನಾ ಎಲ್ಲೂ ನೋಡಿಲ್ಲ."

ಪದ್ದಿ ಎಂದರೆ ನಾನು, ಪದ್ಮಿನಿ. ಮೈಸೂರಿನ ಸರಸ್ವತಿಪುರಂನವಳು. ಎಸ್ತರ್ ಗದಗದ ಪಕ್ಕದ ಬೆಟಗೇರಿಯವಳು. ಅಪ್ಪ ಶಾಲಾ ಮಾಸ್ತರರು, ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರಂತೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಇಬ್ಬರೂ ಆಸ್ಟಿನ್‌ನ ವಿಶ್ವವಿದ್ಯಾಲಯವೊಂದರಲ್ಲಿ ಭೂವಿಜ್ಞಾನ ಓದುತ್ತಿದ್ದೆವು, ಒಂದೇ ಪ್ರೊಫೆಸರ ಕೈಕೆಳಗೆ. ಒಂದೇ ಅಪಾರ್ಟ್‌ಮೆಂಟು, ಒಂದೇ ಕುಕ್ಕರು. ನನ್ನ ಪಾಲಿಗೆ ಬಂದದ್ದು ಟೆಕ್ಸಾಸಿನ ಸುಣ್ಣಕಲ್ಲು — ಮನೆಯಿಂದ ಹೊರಟರೆ ಹೆದ್ದಾರಿಯ ಪಕ್ಕದಲ್ಲೇ ಸಿಗುವಂಥದ್ದು. ಅವಳ ಪಾಲಿಗೆ ಬಂದದ್ದು ಧ್ರುವದ ಮರಳು. ಸಮುದ್ರವೇ ಇಲ್ಲದ ಊರಿನ ಹುಡುಗಿಗೆ ಮನುಷ್ಯರೇ ಹೋಗದ ಕಡಲತೀರ ಒಲಿದಿತ್ತು. ಅವಳು ಅದನ್ನು ಉಸುಕು ಅನ್ನುತ್ತಿದ್ದಳು. 'ನನ್ನ ಉಸುಕು.'

ಅವಳ ಪ್ರಶ್ನೆ ಕೇಳುವುದಕ್ಕೆ ಸರಳ. ಭೂಮಿಯೊಳಗೆ ಕೋಟಿ ವರ್ಷದ ಹಿಂದಿನ ಮರಳು ಕಲ್ಲಾಗಿ ಕೂತಿದೆ. ಅದು ಒಂದು ಕಾಲದಲ್ಲಿ ಕಡಲತೀರವಾಗಿದ್ದರೆ, ಆ ತೀರ ಬೆಚ್ಚಗಿತ್ತೋ ಹೆಪ್ಪುಗಟ್ಟಿತ್ತೋ ಎಂದು ತಿಳಿಯುವುದು ಹೇಗೆ? ಇಂದಿನ ಶೀತ ತೀರದ ಮರಳಿನ ಪದರಗಳಲ್ಲಿ ಮಂಜು ಯಾವ ಗುರುತು ಬಿಡುತ್ತದೆ ಎಂದು ನೋಡಿದರೆ ಹಳೆಯ ಕಲ್ಲಿನಲ್ಲೂ ಅದನ್ನು ಹುಡುಕಬಹುದು. ಅದಕ್ಕಾಗಿ ಅವಳೂ ಪ್ರೊಫೆಸರೂ ತೋಳುದ್ದದ ಪ್ಲಾಸ್ಟಿಕ್ ಪೈಪುಗಳನ್ನು ಆ ದಂಡೆಗೆ ಬಡಿದು ಇಳಿಸಿ, ಹೆಪ್ಪುಗಟ್ಟಿದ ಮರಳನ್ನು ಪದರ ಕದಡದ ಹಾಗೆ ಎತ್ತಿ ತಂದಿದ್ದರು. ಅವನ್ನು ಹೆಪ್ಪುಗಟ್ಟಿದ ಹಾಗೆಯೇ ಉದ್ದಕ್ಕೆ ಸೀಳಿ ನೋಡಬೇಕು. ಕರಗಿತೋ, ಪದರಗಳೆಲ್ಲ ಜಾರಿ ಬೆರೆತು ಬರೀ ಒದ್ದೆ ಮರಳಾಗುತ್ತದೆ. ಅಂಥ ಮರಳು ಯಾವ ಕಟ್ಟಡದ ಕೆಲಸದ ಜಾಗದಲ್ಲೂ ಸಿಗುತ್ತದೆ. ಸೀಳಲು ಬೇಕಾದ ಶೀತಲ ಕೋಣೆ ಬೇರೆ ವಿಭಾಗದ್ದು. ಅಲ್ಲಿ ಅವಳ ಸರದಿ ಈಸ್ಟರ್ ಮುಗಿದ ಮೇಲೆ. ಅಲ್ಲಿಯ ತನಕ ಆ ಪೈಪುಗಳು ನಮ್ಮ ಲ್ಯಾಬಿನ ಒಂದು ಹಳೆಯ, ನಿಂತ ಬೀರುವಿನಂಥ ಫ್ರೀಜರಿನಲ್ಲಿ ಮಲಗಿದ್ದವು. ಅದಕ್ಕೆ ಅಲಾರಂ ಗಿಲಾರಂ ಏನೂ ಇರಲಿಲ್ಲ. ಲ್ಯಾಬಿನ ಕೀಲಿ ಇದ್ದದ್ದು ಪ್ರೊಫೆಸರ ಹತ್ತಿರ, ಅವಳ ಹತ್ತಿರ, ನನ್ನ ಹತ್ತಿರ.

ಇನ್ನು ಹೋಳಿಗೆಯ ವಿಷಯ.

ಹ್ಯೂಸ್ಟನ್ ಕಡೆಯ ಕನ್ನಡಿಗರು ಯುಗಾದಿ ಹಬ್ಬವನ್ನು ಹಬ್ಬದ ದಿನ ಮಾಡುತ್ತಿರಲಿಲ್ಲ. ಅನುಕೂಲವಾದ ಶನಿವಾರ ಮಾಡುತ್ತಿದ್ದರು. ಆ ವರ್ಷ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಒಂದು ಹಾಲ್‌ನಲ್ಲಿ, ಈಸ್ಟರಿನ ಹಿಂದಿನ ದಿನ ಅಂತ ಗೊತ್ತಾಗಿತ್ತು. ಊಟದ ಉಸ್ತುವಾರಿ ಅಲ್ಲೇ ಹತ್ತಿರದ ಶುಗರ್ ಲ್ಯಾಂಡಿನ ವಿಮಲಾ ಆಂಟಿಯದು. ಅವರ ಯಜಮಾನರು ತೈಲ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದರು, ನಮ್ಮದೇ ವಿಷಯದವರು. ಬೇಸಗೆಯಲ್ಲಿ ಅವರ ಕಂಪನಿಗೆ ಇಂಟರ್ನ್ ಆಗಿ ಹೋಗಬೇಕೆಂದು ನಾನು ಆಸೆಪಟ್ಟುಕೊಂಡಿದ್ದೆ. ಬಾಯಿಬಿಟ್ಟು ಕೇಳುವಷ್ಟು ನೇರ ಹೆಂಗಸಲ್ಲ ನಾನು. ಫೋನಿನಲ್ಲಿ ಆಂಟಿ "ಹೋಳಿಗೇನ ಅಂಗಡಿಯಿಂದ್ಲೇ ತರಿಸ್ಬಿಡೋದೂಂತ ಅಂದ್ಕೊಂಡಿದೀನಿ ಕಣಮ್ಮ, ಇಷ್ಟು ಜನಕ್ಕೆ ಯಾರು ತಟ್ತಾರೆ" ಅಂದರು. ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ನಾನು ಮಾಡಿ ತರ್ತೀನಿ ಆಂಟಿ. ಎಲ್ಲಾನೂ."

"ಎಲ್ಲಾನೂನಾ? ಕಾಲೇಜು ಬಿಟ್ಟು ಹೋಳಿಗೆ ತಟ್ತಾ ಕೂತ್ಕೋತೀಯೇನೇ?"

"ನಮ್ಮಜ್ಜಿ ಕೈಲಿ ಕಲಿತಿದ್ದು ಆಂಟಿ. ಅಂಗಡೀದು ತಿನ್ನೋಕಾಗುತ್ತಾ?"

ಅಜ್ಜಿಯ ಹತ್ತಿರ ನಾನು ಕಲಿತದ್ದು ಇಸ್ಪೀಟು. ಆದರೂ ಹಿಡಿದ ಹಟ ಬಿಡಲಿಲ್ಲ. ಆ ವಾರವೆಲ್ಲ ಕ್ಲಾಸು ಮುಗಿಸಿ ಬಂದು ಹೂರಣ ರುಬ್ಬಿದೆ, ತಟ್ಟಿದೆ, ಬೇಯಿಸಿದೆ. ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಟಾಣಿ, ತೆಂಗಿನತುರಿ, ಐಸು ತುಂಬಿ ಒಂದು ಹೋಳಿಗೆಗೂ ಜಾಗವಿರಲಿಲ್ಲ. ಟೆಕ್ಸಾಸಿನ ಆ ಸೆಕೆಯಲ್ಲಿ ಹೊರಗಿಟ್ಟರೆ ಶನಿವಾರದ ಹೊತ್ತಿಗೆ ಬೂಷ್ಟು. ಪಕ್ಕದ ಮನೆಯ ಆಂಧ್ರದ ಹುಡುಗರನ್ನು ಕೇಳಬಹುದಿತ್ತು. ಕೇಳಿದರೆ ಅವರು ಅರ್ಧ ತಿಂದು ಹಾಕುತ್ತಾರೆ ಎಂದು… ಇಲ್ಲ, ಅದಲ್ಲ. ಕೇಳುವುದು ನನಗೆ ಅವಮಾನ ಅನ್ನಿಸಿತು, ಅಷ್ಟೇ.

ಬುಧವಾರ ಎಸ್ತರ್ ಈಸ್ಟರಿಗೆಂದು ಡಲ್ಲಾಸಿನ ತನ್ನ ಚಿಕ್ಕಮ್ಮನ ಮನೆಗೆ ಹೊರಟಳು. ಬಸ್ಸಿಗೆ ಹೊತ್ತಾಗಿತ್ತು. ಲ್ಯಾಬಿಗೆ ಓಡಿ ಒಮ್ಮೆ ಪೈಪುಗಳನ್ನು ನೋಡಿ ಬಂದು, ಬ್ಯಾಗು ಹೆಗಲಿಗೆ ಹಾಕುತ್ತಾ ನನಗೆ ಹೇಳಿದಳು:

"ಫ್ರೀಜರ್ ಕಡೆ ಒಂದೊಂದ್ಸಲ ಕಣ್ಣ ಹಾಯಿಸ್ತಿರು, ಪದ್ದಿ. ನಿನ್ನ ಬಿಟ್ಟರ ನಾ ಯಾರಿಗೆ ಹೇಳ್ಲಿ?"

ಹೋಳಿಗೆಯ ಡಬ್ಬಗಳು ಆಗಲೇ ಮೇಜಿನ ಮೇಲೆ ಸಾಲಾಗಿ ಕೂತಿದ್ದವು. ನಾನು "ನೀನು ನಿಶ್ಚಿಂತೆಯಿಂದ ಹೋಗಿ ಬಾರೇ" ಅಂದೆ. ಆ ಮಾತು ಹೇಳುವಾಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಫ್ರೀಜರ್ ಅನ್ನುವ ಶಬ್ದ ಅವಳ ಬಾಯಿಂದ ಬಂದಾಗಲೇ ನನಗೆ ಆ ಖಾನೆಗಳು ಕಣ್ಣಿಗೆ ಕಟ್ಟಿದ್ದವು.

ಅಂದು ಸಂಜೆಯೇ ಲ್ಯಾಬಿಗೆ ಹೋದೆ. ಫ್ರೀಜರಿನ ಬಾಗಿಲ ಮೇಲೆ 'ತಿನ್ನುವ ವಸ್ತು ಇಡಕೂಡದು' ಎಂದು ಕೆಂಪಕ್ಷರದ ಚೀಟಿ. ಇಟ್ಟವರ ಅಸಿಸ್ಟೆಂಟ್‌ಶಿಪ್ ಹೋಗುತ್ತದೆ ಎಂದು ನಾವು ಸೇರಿದ ದಿನವೇ ಪ್ರೊಫೆಸರು ಹೇಳಿದ್ದರು. ಅದು ಹೋದರೆ ನನ್ನ ಫೀಸೂ ವೀಸಾವೂ ಹೋದ ಹಾಗೆಯೇ. ನಾನು ಮೇಲಿನ ಎರಡು ಖಾನೆಯ ಪೈಪುಗಳನ್ನು ತೆಗೆದು, ಪಿಕ್‌ನಿಕ್ಕಿಗೆ ಒಯ್ಯುವ ದೊಡ್ಡ ಐಸ್ ಪೆಟ್ಟಿಗೆಯಲ್ಲಿ ಜೋಡಿಸಿ, ಪೆಟ್ರೋಲ್ ಬಂಕಿನಿಂದ ತಂದ ಐಸನ್ನು ಸುರಿದು, ಪೆಟ್ಟಿಗೆಯನ್ನು ನನ್ನ ಮೇಜಿನಡಿ ತಳ್ಳಿದೆ. ಅವುಗಳ ಜಾಗದಲ್ಲಿ ಹೋಳಿಗೆ ಇಟ್ಟೆ. ಐಸ್ ಇದೆಯಲ್ಲ, ಏನಾಗುತ್ತದೆ — ಹೀಗೆ ಅಂದುಕೊಂಡೆ.

ಏನಾಗುತ್ತದೆ ಎಂದು ಮೊದಲ ವರ್ಷದ ಹುಡುಗರೂ ಹೇಳುತ್ತಾರೆ. ಅದು ಸಮುದ್ರದ ಮರಳು. ಅದರೊಳಗಿನ ಮಂಜಿನಲ್ಲಿ ಉಪ್ಪಿದೆ. ಉಪ್ಪಿನ ಮಂಜು ಸಾದಾ ಐಸಿಗಿಂತ ಮೊದಲೇ ಕರಗುತ್ತದೆ. ಅಂಗಡಿಯ ಐಸಿನ ತಂಪು ಅದಕ್ಕೆ ಏನೇನೂ ಸಾಲದು. ಇದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಹೋಳಿಗೆ ಮುರಿಯದ ಹಾಗೆ ಡಬ್ಬಗಳ ನಡುವೆ ಬಟರ್ ಪೇಪರ್ ಹಾಕುವಷ್ಟು ಬುದ್ಧಿ ಇದ್ದವಳಿಗೆ ಅದೊಂದು ನೆನಪಾಗಲಿಲ್ಲ.

ಶನಿವಾರ ಬೆಳಿಗ್ಗೆ ಡಬ್ಬಗಳನ್ನು ಕಾರಿಗೆ ಹಾಕಿ, ಪೈಪುಗಳನ್ನು ವಾಪಸ್ ಇಡಲು ಎತ್ತಿದೆ. ಒಳಗೆ ನೀರು ತುಳುಕಿತು. ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿದೆ, ಅದರಲ್ಲೂ. ಗಟ್ಟಿ ಕೋಲಿನ ಹಾಗಿದ್ದ ಪೈಪುಗಳು ಈಗ ಕೈಯಲ್ಲಿ ಒಂದು ಕಡೆಗೆ ಭಾರವಾಗಿ ವಾಲುತ್ತಿದ್ದವು. ಪ್ರೊಫೆಸರ ಮನೆಗೆ ಆಗಲೇ ಫೋನ್ ಮಾಡಿದ್ದರೆ — ಮಾಡಲಿಲ್ಲ. ಎಲ್ಲವನ್ನೂ ಮೊದಲಿದ್ದ ಕ್ರಮದಲ್ಲೇ ಜೋಡಿಸಿ, ಬಾಗಿಲು ಹಾಕಿ, ಹ್ಯೂಸ್ಟನ್ನಿಗೆ ಡ್ರೈವ್ ಮಾಡಿಕೊಂಡು ಹೋದೆ.

ಹೋಳಿಗೆಯನ್ನು ಎಲ್ಲರೂ ಹೊಗಳಿದರು. ಹಾಲ್‌ನ ಅಡುಗೆಮನೆಯಲ್ಲಿ ತವದ ಮೇಲೆ ಬಿಸಿ ಮಾಡಿ, ತುಪ್ಪ ಸುರಿದು ಬಡಿಸುತ್ತಿದ್ದಾಗ ವಿಮಲಾ ಆಂಟಿ ತಮ್ಮ ಯಜಮಾನರನ್ನು ಕರೆದುಕೊಂಡು ಬಂದು "ಇದೆಲ್ಲ ಈ ಒಬ್ಬ ಹುಡುಗಿ ಮಾಡಿದ್ದೂರಿ" ಎಂದು ಪರಿಚಯ ಮಾಡಿಸಿದರು. ಅಂಕಲ್ ನಿನ್ನ ರೆಸ್ಯುಮೆ ಕಳಿಸು ಅಂದರು. ಅಷ್ಟು ಜನ ಲ್ಯಾಬಿನ ಫ್ರೀಜರಿನಲ್ಲಿ ಮಲಗಿ ಎದ್ದ ಹೋಳಿಗೆ ತಿಂದರು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಆದದ್ದು ಒಬ್ಬಳಿಗೆ ಮಾತ್ರ. ಅವಳೂ ತಿಂದಳು. ಸೋಮವಾರ ಡಲ್ಲಾಸಿನಿಂದ ಬಂದು, ಮಿಕ್ಕಿದ್ದನ್ನು ಬಾಳೆಹಣ್ಣಿನ ಜೊತೆ ತಿನ್ನುತ್ತಾ, "ಭಾಳ ಮೆತ್ತಗ ಆಗ್ಯಾವ. ನಮ್ಮವ್ವ ಮಾಡಿದ್ರೂ ಹಿಂಗ ಆಗಂಗಿಲ್ಲ" ಎಂದು ನನ್ನ ಬೆನ್ನು ತಟ್ಟಿದಳು. ನಾನು ಇನ್ನೊಂದು ಬಡಿಸಿದೆ.

ಮಂಗಳವಾರ ಅವಳು ಫ್ರೀಜರ್ ತೆರೆದಳು. ನಾನು ಪಕ್ಕದ ಕೋಣೆಯಲ್ಲಿದ್ದೆ. ಅವಳು ಕೂಗಲಿಲ್ಲ, ಅಳಲಿಲ್ಲ. ಒಂದು ಪೈಪನ್ನು ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಮೇಜಿನ ತನಕ ಬಂದಳು. ಪಾರದರ್ಶಕ ಪ್ಲಾಸ್ಟಿಕ್ಕಿನಾಚೆ ಎಲ್ಲ ಕಾಣುತ್ತಿತ್ತು. ಕೆಳಗೆ ಕುಸಿದ ಮರಳು, ಮೇಲೆ ಬೇರೆಯಾಗಿ ಮತ್ತೆ ಹೆಪ್ಪುಗಟ್ಟಿದ ಮಂಜು.

"ಪದ್ದಿ, ಫ್ರೀಜರ್ ಕೆಟ್ಟಿತ್ತೇನ?"

ಆಗ ಹೇಳಬಹುದಿತ್ತು. ಆ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಸಾಕಷ್ಟು ಜಾಗವಿತ್ತು. ಹೌದು, ಕೆಟ್ಟಿತ್ತು ಎನ್ನುವ ಸಣ್ಣ ಸುಳ್ಳನ್ನಾದರೂ ಹೇಳಬಹುದಿತ್ತು. ಆದರೆ ಯಂತ್ರ ಕೆಟ್ಟಿತ್ತು ಎಂದರೆ ರಿಪೇರಿಯವನು ಬರುತ್ತಾನೆ, ಕೆಟ್ಟಿಲ್ಲ ಎಂದು ಹೇಳಿ ಹೋಗುತ್ತಾನೆ. ಮನುಷ್ಯರ ಮೇಲೆ ಹೇಳಿದರೆ ಯಾವ ರಿಪೇರಿಯವನೂ ಬರುವುದಿಲ್ಲ. ಇಷ್ಟನ್ನು ನಾನು ಒಂದೇ ಉಸಿರಿನಲ್ಲಿ ಲೆಕ್ಕ ಹಾಕಿದೆ. ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

"ಕೆಟ್ಟಿರಲಿಲ್ಲ. ಗುರುವಾರ ನಾನು ನೋಡೋಕೆ ಹೋದಾಗ ಬಾಗಿಲು ಸರಿಯಾಗಿ ಹಾಕಿರಲಿಲ್ಲ ಎಸ್ತರ್. ನಾನೇ ಹಾಕಿದೆ. ಹಬ್ಬದ ಟೈಮಲ್ಲಿ ನಿಂಗೆ ಬೇಜಾರಾಗತ್ತೇಂತ ಫೋನ್ ಮಾಡಲಿಲ್ಲ."

"ನಾ ಹಾಕಿದ್ದೆ ಅನಸ್ತೈತಿ…"

"ಅವಸರದಲ್ಲಿದ್ದೆ ಕಣೇ ನೀನು."

ಅವಳು ನನ್ನ ಮುಖ ನೋಡಿದಳು. ನನ್ನನ್ನು ಅನುಮಾನಿಸಿ ಅಲ್ಲ — ನನ್ನ ಮುಖದಲ್ಲಿ ತನ್ನ ನೆನಪನ್ನು ಹುಡುಕುವವಳ ಹಾಗೆ. ನಾನು ಕಣ್ಣು ತಪ್ಪಿಸಲಿಲ್ಲ. ತಪ್ಪಿಸಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು.

"ಹೌದು," ಅಂದಳು ಕೊನೆಗೆ. "ಅವಸರ ಇತ್ತು."

ಒಂದು ಮನುಷ್ಯ ಜೀವ ತನ್ನ ಕಣ್ಣು ಕಂಡದ್ದನ್ನು, ಕೈ ಮಾಡಿದ್ದನ್ನು ಬಿಟ್ಟುಕೊಟ್ಟು ನನ್ನ ಮಾತನ್ನು ಎತ್ತಿಕೊಂಡದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿದೆ. ನನ್ನನ್ನು ನಂಬಿದ್ದರಿಂದ ಅವಳು ತನ್ನನ್ನು ನಂಬುವುದನ್ನು ಬಿಟ್ಟಳು. ದ್ರೋಹ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿರುವುದು ಇದೊಂದೇ.

ಪ್ರೊಫೆಸರು ಇಬ್ಬರನ್ನೂ ಕರೆಸಿದರು. ನನ್ನನ್ನು ಕೇಳುವ ಮೊದಲೇ ಎಸ್ತರ್ ಹೇಳಿಬಿಟ್ಟಳು: ಬಾಗಿಲು ತೆರೆದಿಟ್ಟು ಹೋದದ್ದು ತಾನು, ಪದ್ಮಿನಿ ಹೋಗಿ ನೋಡದೇ ಇದ್ದಿದ್ದರೆ ಕೆಳಗಿನ ಖಾನೆಯದೂ ಉಳಿಯುತ್ತಿರಲಿಲ್ಲ. ಕೆಳಗಿನ ಖಾನೆ ಉಳಿದಿದ್ದು ಹೋಳಿಗೆಗೆ ಎರಡೇ ಖಾನೆ ಸಾಕಾಗಿದ್ದರಿಂದ. ಪ್ರೊಫೆಸರು ನನ್ನತ್ತ ತಿರುಗಿ "ಹೀಗೆಯೇ ನಡೆಯಿತೇ?" ಎಂದು ಕೇಳಿದರು. ಹೌದು ಅಂದೆ. ಅವರು ಕೆಟ್ಟವರಲ್ಲ, ಎಸ್ತರಳನ್ನು ಬಯ್ಯಲೂ ಇಲ್ಲ. ಆದರೆ ಮುಂದಿನ ಬೇಸಗೆಗೆ ಅವಳ ಬದಲು ಇನ್ನೊಬ್ಬ ವಿದ್ಯಾರ್ಥಿಯನ್ನು ಕರೆದುಕೊಂಡು ಹೋಗುವುದಾಗಿ ಹೇಳಿದರು. ಕರಡಿ ಓಡಾಡುವ ಜಾಗ, ಟೆಂಟಿನಲ್ಲಿ ಊಟದ ಪೆಟ್ಟಿಗೆ ಮುಚ್ಚಿದೆನೋ ಇಲ್ಲವೋ ಎಂದು ನೆನಪಿಲ್ಲದವರನ್ನು ಅಲ್ಲಿಗೆ ಕರೆದೊಯ್ಯಲಾಗದು ಅಂದರು. ಅವರ ಮಾತು ಸರಿಯೇ. ಅವರು ಅದನ್ನು ಹೇಳಿದ್ದು ತಪ್ಪು ಹುಡುಗಿಗೆ, ಅಷ್ಟೇ.

ಎಸ್ತರ್ ಉಳಿದ ಕೆಲವೇ ಪೈಪುಗಳನ್ನು ಸೀಳಿ, ಹೇಗೋ ಒಂದು ಮಾಸ್ಟರ್ಸ್ ಮುಗಿಸಿದಳು. ಡಾಕ್ಟರೇಟಿನ ಮಾತು ಎತ್ತಲಿಲ್ಲ. ಇಸವಿ ಎರಡು ಸಾವಿರ ಹತ್ತಿರ ಬರುತ್ತಿತ್ತು. ಕಂಪ್ಯೂಟರುಗಳು ತಾರೀಖು ತಪ್ಪಿಬಿಡುತ್ತವೆ ಎಂಬ ಗಾಬರಿಯಲ್ಲಿ ಡಲ್ಲಾಸಿನ ಕಂಪನಿಗಳು ಸಿಕ್ಕಸಿಕ್ಕವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದವು. ಚಿಕ್ಕಮ್ಮನ ಮನೆಯಲ್ಲಿದ್ದು ಒಂದು ಕೋರ್ಸ್ ಮಾಡಿ, ಲಾಸ್ ಕೊಲಿನಾಸ್‌ನ ಗಾಜಿನ ಕಟ್ಟಡವೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗಿಗೆ ಸೇರಿದಳು. ಆಸ್ಟಿನ್ ಬಿಡುವ ದಿನ ಅವಳ ಪುಸ್ತಕಗಳನ್ನು ಡಬ್ಬಕ್ಕೆ ತುಂಬಿಕೊಟ್ಟವಳು ನಾನೇ. ಧ್ರುವಕ್ಕೆಂದು ಕೊಂಡಿದ್ದ ದಪ್ಪ ಕೋಟನ್ನು ಅವಳು ಕಪಾಟಿನಲ್ಲೇ ಬಿಟ್ಟಳು. "ಟೆಕ್ಸಾಸಿನಾಗ ಇದನ್ನ ಹಾಕ್ಕೊಂಡ ಎಲ್ಲಿಗೆ ಹೋಗ್ಲಿ?" ಎಂದು ನಕ್ಕಳು. ನನಗೆ ಒಳಗೊಳಗೇ ಆಗಿದ್ದು ದುಃಖವಲ್ಲ, ನಿರಾಳ. ಇನ್ನು ದಿನಾ ಇವಳ ಮುಖ ನೋಡಬೇಕಾಗಿಲ್ಲ ಎಂದು. ಇದನ್ನೂ ಹೇಳದೆ ಬಿಟ್ಟರೆ ಈ ನಿವೇದನೆಗೆ ಅರ್ಥವಿಲ್ಲ.

ನನಗೆ ಇಂಟರ್ನ್‌ಶಿಪ್ ಸಿಕ್ಕಿತು. ಆಮೇಲೆ ಕೆಲಸ ಸಿಕ್ಕಿತು, ಮದುವೆ ಆಯಿತು, ಶುಗರ್ ಲ್ಯಾಂಡಿನಲ್ಲಿ ಮನೆ ಆಯಿತು. ಕಂಪನಿಯಲ್ಲಿ ನನ್ನ ಕೆಲಸ ಮರಳುಗಲ್ಲಿನ ಜೊತೆ. ಸುಣ್ಣಕಲ್ಲನ್ನು ಎಂದೋ ಬಿಟ್ಟಾಗಿತ್ತು. ಒಮ್ಮೆ ಮೀಟಿಂಗಿನಲ್ಲಿ ಒಂದು ಹಳೆಯ ಮರಳುಗಲ್ಲನ್ನು ಮುಂದಿಟ್ಟುಕೊಂಡು, ಇದು ತಣ್ಣನೆಯ ಸಮುದ್ರದ ದಂಡೆಯೋ ಬೆಚ್ಚನೆಯದೋ ಎಂದು ಎಲ್ಲರೂ ತಲೆಕೆಡಿಸಿಕೊಂಡರು. ಅದನ್ನು ಗುರುತಿಸಲು ಒಳ್ಳೆಯ ಆಧಾರ ಯಾರ ಹತ್ತಿರವೂ ಇರಲಿಲ್ಲ. "ಯಾರಾದರೂ ಇದರ ಮೇಲೆ ಕೆಲಸ ಮಾಡಬೇಕಿತ್ತು" ಅಂದರು ಒಬ್ಬರು. ನಾನು ತಲೆಯಾಡಿಸಿ ಕಾಫಿ ಕುಡಿದೆ.

ನಡುನಡುವೆ ಎಸ್ತರಳಿಂದ ಕ್ರಿಸ್‌ಮಸ್ ಕಾರ್ಡು ಬರುತ್ತಿತ್ತು, ಫೋನ್ ಬರುತ್ತಿತ್ತು. ಮದುವೆ ಆದದ್ದು ತಿಳಿಯಿತು, ಮಗಳು ಹುಟ್ಟಿದ್ದು ತಿಳಿಯಿತು. ನಾನು ಹೋಗಲಿಲ್ಲ, ಏನಾದರೊಂದು ನೆಪ. ಕಡೆಗೆ ಆಫೀಸಿನ ಕೆಲಸದ ಮೇಲೆ ಡಲ್ಲಾಸಿಗೆ ಹೋದಾಗ ತಪ್ಪಿಸಿಕೊಳ್ಳಲಾಗದೆ ಅವಳ ಮನೆಗೆ ಹೋದೆ. ಆ ಹೊತ್ತಿಗೆ ಅವಳ ಮಗಳು ಲೀನಾ ಶಾಲೆಗೆ ಹೋಗುತ್ತಿದ್ದಳು. ಗಂಡ ಸ್ಯಾಮ್ಯುಯೆಲ್ ಹುಬ್ಬಳ್ಳಿಯವರು, ಹಸನ್ಮುಖಿ. ಅವಳು ಸ್ವಲ್ಪ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು, ನಗು ಹಾಗೆಯೇ ಇತ್ತು. ಮಗಳಿಗೆ ನನ್ನನ್ನು ತೋರಿಸಿ ಹೇಳಿದಳು:

"ಇವರ ನೋಡು ಪದ್ಮಿನಿ ಆಂಟಿ. ಮಮ್ಮೀದು ಎಲ್ಲಾ ಉಸುಕು ಹಾಳಾಗಿ ಹೋಗ್ತಿತ್ತು. ಇವರು ಇದ್ದಿದ್ದಕ್ಕ ಸ್ವಲ್ಪರ ಉಳೀತು."

ಆ ಮಗು ನನ್ನನ್ನು ಮೆಚ್ಚುಗೆಯಿಂದ ನೋಡಿತು.

ಊಟಕ್ಕೆ ಹೊರಗೆ ಹೋಗೋಣವೆಂದು ಎಲ್ಲರೂ ಹೊರಟೆವು. ಎಸ್ತರ್ ಮುಂಬಾಗಿಲಿಗೆ ಬೀಗ ಹಾಕಿ, ಹಿಡಿಯನ್ನು ಎಳೆದು ನೋಡಿ, ಕಾರಿನ ತನಕ ಬಂದು, ಮತ್ತೆ ವಾಪಸ್ ಹೋಗಿ ಎಳೆದು ನೋಡಿದಳು. ಕಾರಿನಲ್ಲಿ ಕೂತ ಮೇಲೆ "ಒಂದ ನಿಮಿಷ ರೀ" ಎಂದು ಇಳಿದು, ಒಳಗೆ ಹೋಗಿ, ಒಲೆ ನೋಡಿಕೊಂಡು ಬಂದಳು.

"ಮಾಮ್, ಯೂ ಆಲ್ರೆಡಿ ಚೆಕ್ಡ್!" ಎಂದಳು ಲೀನಾ.

"ಸುಮ್ನಿರು, ಇದು ಅಕಿ ಪ್ರಾರ್ಥನಿ ಇದ್ದಂಗ. ಮುಗೀಲಿ," ಎಂದು ಸ್ಯಾಮ್ಯುಯೆಲ್ ನಕ್ಕರು.

ಎಸ್ತರ್ ಸೀಟ್‌ಬೆಲ್ಟ್ ಹಾಕಿಕೊಳ್ಳುತ್ತಾ ನನ್ನ ಕಡೆ ತಿರುಗಿದಳು. "ನಗ್ತಾರ ನೋಡು. ನನಗ ಗೊತ್ತೈತಿ ನನ್ನ ಕೈ ಎಂಥಾದಂತ. ಲೀನಾ ಕೂಸಿದ್ದಾಗ ನಾ ಅಕಿಗೆ ಒಬ್ಬಾಕಿನೇ ನೀರ ಎರದಾಕೀನ ಅಲ್ಲ, ಪದ್ದಿ. ನೀರಿನ ಟಬ್ಬಿನಾಗ ಬಿಟ್ಟು ಮರತ ಬಿಟ್ಟರ ಏನ್ ಗತಿ ಅಂತ ಅಂಜಿಕಿ. ಇವರ ಬರೂತನಾ ಕಾಯ್ತಿದ್ದೆ. ಒಮ್ಮೆ ಬಾಗಲಾ ತಗದಿಟ್ಟು ಬಂದಾಕಿ ಅಲ್ಲೇನ ನಾನು?"

ಅವಳು ಅದನ್ನು ತಮಾಷೆಯ ಹಾಗೆಯೇ ಹೇಳಿದಳು. ಗಂಡ ಮಗಳು ಇಬ್ಬರೂ ಎಷ್ಟೋ ಸಲ ಕೇಳಿದ ಕಥೆ ಎಂಬ ಹಾಗೆ ನಕ್ಕರು. ಅಷ್ಟು ವರ್ಷ ನಾನು ಅವಳಿಂದ ಒಂದು ಡಿಗ್ರಿ ಕಿತ್ತುಕೊಂಡೆ, ಒಂದು ಊರು ಕಿತ್ತುಕೊಂಡೆ ಎಂದೇ ಅಂದುಕೊಂಡಿದ್ದೆ. ತನ್ನ ಮಗುವಿಗೆ ತಾನೇ ನೀರು ಹಾಕುವ ಧೈರ್ಯವನ್ನೂ ಕಿತ್ತುಕೊಂಡಿದ್ದೇನೆ ಎಂದು ನನಗೆ — ಹೇಗೆ ಗೊತ್ತಾಗಬೇಕಿತ್ತು ಎಂದು ಬರೆಯಲು ಹೊರಟಿದ್ದೆ. ಒಮ್ಮೆಯಾದರೂ ಹೋಗಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಅಂದೂ ನಾನು ಹೇಳಲಿಲ್ಲ. ಮಗು ಇದೆ, ಗಂಡ ಇದ್ದಾರೆ ಎಂದು ನೆಪ ಹುಡುಕಿಕೊಂಡೆ. ಊಟ ಮಾಡಿದೆ, ಐಸ್‌ಕ್ರೀಮೂ ತಿಂದೆ, ಹ್ಯೂಸ್ಟನ್ನಿಗೆ ವಾಪಸ್ ಬಂದೆ. ಬಂದವಳಿಗೆ ಊಟ ರುಚಿಸಲಿಲ್ಲ. ಮನೆಯ ಸ್ನಾನದ ಟಬ್ಬಿನ ಕಡೆ ನೋಡದಾದೆ. ಕೆಲವು ವಾರ ಹೀಗೆ ಕಳೆದ ಮೇಲೆ ಒಂದು ಶನಿವಾರ ಫೋನ್ ಮಾಡಿ, ನಿನ್ನೊಬ್ಬಳ ಹತ್ತಿರವೇ ಮಾತಾಡಬೇಕು, ಬರುತ್ತಿದ್ದೇನೆ ಅಂದೆ. ಅವಳು ನನ್ನ ಸಂಸಾರದಲ್ಲಿ ಏನೋ ತೊಂದರೆಯಾಗಿದೆ ಎಂದುಕೊಂಡಳು. ಗಂಡ ಮಗಳನ್ನು ಹೊರಗೆ ಕಳಿಸಿ, ನನಗೆಂದು ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ ಕಾಯುತ್ತಿದ್ದಳು.

ರೊಟ್ಟಿ ಮುಟ್ಟದೆ ಹೇಳಿದೆ. ಹೋಳಿಗೆ, ಐಸ್ ಪೆಟ್ಟಿಗೆ, ತುಳುಕಿದ ನೀರು, ಅವಳ ಮುಖ ನೋಡಿಕೊಂಡೇ ಹೇಳಿದ ಸುಳ್ಳು — ಎಲ್ಲ. ಅಳಬಾರದು ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡಿದ್ದೆ. ನಾನು ಅತ್ತರೆ ಅವಳು ಸಮಾಧಾನ ಮಾಡಲು ಬರುತ್ತಾಳೆ, ಅವಳು ಅಂಥವಳು. ಅಳಲಿಲ್ಲ. ಬಯ್ಯುತ್ತಾಳೆ, ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಅದಲ್ಲ.

"ಬಾಗಲಾ ನಾ ಹಾಕಿದ್ನೇನ?"

"ಹಾಕಿದ್ದೆ."

"ಗಟ್ಟಿ ಹಾಕಿದ್ನೇನ?"

"ಗಟ್ಟಿಯಾಗಿ ಹಾಕಿದ್ದೆ. ತೆಗೆಯೋಕೆ ನಾನು ಎರಡು ಕೈಯಲ್ಲೂ ಎಳೀಬೇಕಾಯ್ತು."

ಅವಳು ಕಣ್ಣು ಮುಚ್ಚಿಕೊಂಡಳು. ಅದು ಸಿಟ್ಟೋ ದುಃಖವೋ ನನಗೆ ತಿಳಿಯಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ. ಆಮೇಲೆ ತಟ್ಟೆಗಳನ್ನು ಒಳಗಿಟ್ಟು ಬಂದು, ನಿಂತುಕೊಂಡೇ ಹೇಳಿದಳು.

"ಪ್ರೊಫೆಸರಿಗೆ ಹೇಳು. ಇವತ್ತ ಹೇಳು. ಅವರು ಏನಂದ್ರು ಅಂತ ನನಗ ಫೋನ್ ಮಾಡಿ ತಿಳಸು. ಈಗ ಹೋಗು."

ಪದ್ದಿ ಎಂದು ಕರೆಯಲಿಲ್ಲ.

ಅವಳ ಮನೆಯ ಮುಂದೆ ಕಾರಿನಲ್ಲಿ ಕೂತೇ ಆಸ್ಟಿನ್‌ಗೆ ಫೋನ್ ಮಾಡಿದೆ. ಪ್ರೊಫೆಸರು ನಿವೃತ್ತರಾಗಿದ್ದರು, ತೋಟದಲ್ಲಿದ್ದವರನ್ನು ಹೆಂಡತಿ ಕರೆದರು. ನಾನು ಎಲ್ಲವನ್ನೂ ಹೇಳಿದೆ. ಅವರು ಸಾವಧಾನದಿಂದ ಕೇಳಿ, ಆ ಹೆಪ್ಪುಗಟ್ಟಿದ ಮರಳಿನ ಪೈಪುಗಳು ಹಾಳಾದದ್ದು ನೆನಪಿದೆ, ಮರುವರ್ಷ ಬೇರೆ ತಂದೆವಲ್ಲ ಅಂದರು. ಆಮೇಲೆ, ಆ ಹುಡುಗಿಯ ಹೆಸರೇನೆಂದೆ ಎಂದು ಇನ್ನೊಮ್ಮೆ ಕೇಳಿದರು. ಹೇಳಿದೆ. ಇಲ್ಲ, ಮುಖ ನೆನಪಾಗುತ್ತಿಲ್ಲ, ಅವಳು ಈಗ ಚೆನ್ನಾಗಿದ್ದಾಳಷ್ಟೇ ಎಂದು ವಿಚಾರಿಸಿದರು.

ಎಸ್ತರಳಿಗೆ ಇದನ್ನು ಹೇಗೆ ಹೇಳುವುದು? ಅವರು ತುಂಬ ನೊಂದುಕೊಂಡರು, ನಿನ್ನಂಥ ವಿದ್ಯಾರ್ಥಿಯನ್ನು ಕಳೆದುಕೊಂಡೆ ಎಂದು ಕೊರಗಿದರು — ಹೀಗೆ ಹೇಳಿದರೆ ಅವಳಿಗೆ ಎಷ್ಟೋ ಸಮಾಧಾನ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅವಳಿಗೆ ಯಾವುದು ಗೊತ್ತಿರಬೇಕು, ಯಾವುದು ಗೊತ್ತಿರಬಾರದು ಎಂದು ಮತ್ತೆ ನಾನೇ ತೀರ್ಮಾನ ಮಾಡಲು ಹೊರಟಿದ್ದೆ. ನಂಬರ್ ಒತ್ತಿದೆ. ಪ್ರೊಫೆಸರು ಅಂದದ್ದನ್ನು ಅಂದ ಹಾಗೆಯೇ, ಅವಳ ಮುಖ ಅವರಿಗೆ ನೆನಪಾಗಲಿಲ್ಲ ಎಂಬುದನ್ನೂ ಸೇರಿಸಿ, ಹೇಳಿದೆ.



"ಅವರಿಗೆ ನೆನಪಿಲ್ಲಂದ್ರ ಇಲ್ಲ," ಅಂದಳು. "ನನಗ ನೆನಪೈತಿ. ನಾ ಹಾಕಿದ್ದೆ."

ಫೋನ್ ಇಟ್ಟಳು. ಆಮೇಲೆ ಅವಳಿಂದ ಕರೆ ಬಂದಿಲ್ಲ, ಕಾರ್ಡೂ ಬಂದಿಲ್ಲ. ನಾನಾಗಿ ಫೋನ್ ಮಾಡುವುದಿಲ್ಲ. ಆ ಹಕ್ಕು ನನಗೆ ಉಳಿದಿಲ್ಲ.